ಮೈಕೋರೈಜಾ ಹಾಕಿದರೂ ಬೆಳೆ ಬದಲಾಗಲಿಲ್ಲವೇ? ಬೇರು ತೊಳೆದು ನೋಡಿ

ಮೈಕೋರೈಜಾ, ಅಂದರೆ ಬೇರಿನ ಜೊತೆ ಸೇರಿ ಬದುಕುವ ಶಿಲೀಂಧ್ರದ ಪುಡಿ, ಹಾಕಿ ಒಂದೂವರೆ ತಿಂಗಳಾಗಿದೆ. ಹಾಕಿದ ಸಾಲಿಗೂ ಹಾಕದ ಸಾಲಿಗೂ ಏನೂ ವ್ಯತ್ಯಾಸ ಕಾಣುತ್ತಿಲ್ಲ. ಕೆಲವೊಮ್ಮೆ ಹಾಕಿದ ಸಾಲೇ ಒಂದು ಗೇಣು ಗಿಡ್ಡ. ಆಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ‘ಇದೆಲ್ಲ ಸುಮ್ನೆ’ ಅಂತ ಕೈಬಿಡುತ್ತಾರೆ, ಇಲ್ಲವೇ ಇನ್ನೊಂದು ಪ್ಯಾಕೆಟ್ ತಂದು ಸುರಿಯುತ್ತಾರೆ. ಎರಡೂ ಬೇಡ. ಒಂದು ಗಿಡ ಅಗೆಯಿರಿ, ಬೇರು ತೊಳೆಯಿರಿ. ತಪ್ಪು ಎಲ್ಲಾಗಿದೆ ಅನ್ನುವುದು ಎಲೆಯಲ್ಲಿ ಸಿಗುವುದಿಲ್ಲ, ಬೇರಿನಲ್ಲಿ ಸಿಗುತ್ತದೆ.

ನಾನು ಎರಡು ಹಂಗಾಮು ಎಲೆಯ ಬಣ್ಣ ನೋಡಿಯೇ ತೀರ್ಮಾನ ಮಾಡುತ್ತಿದ್ದೆ. ಮೂರನೆಯ ಸಲ ಬೇರಿಗೆ ಶಾಯಿ ಹಾಕಿ ನೋಡುವುದನ್ನು ಕಲಿತೆ. ಅಲ್ಲಿಯವರೆಗೆ ಅಂದುಕೊಂಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ಅಂತ ಆಗ ಗೊತ್ತಾಯಿತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಇದರ ಕೆಲಸ ಏನು?

ಇದು ಗೊತ್ತಿಲ್ಲದೆ ದೋಷ ಹುಡುಕಲು ಆಗುವುದಿಲ್ಲ. ರಂಜಕ ಮಣ್ಣಿನಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನೀರಿನ ಜೊತೆ ಸಾರಜನಕ ಹರಿದು ಬರುವ ಹಾಗೆ ಅದು ಬರುವುದಿಲ್ಲ. ಬೇರು ತನ್ನ ಸುತ್ತ ಒಂದೆರಡು ಮಿಲಿಮೀಟರ್ ಜಾಗದ ರಂಜಕವನ್ನು ಬೇಗ ಖಾಲಿ ಮಾಡಿಬಿಡುತ್ತದೆ. ಆಮೇಲೆ ಪಕ್ಕದಲ್ಲೇ ರಂಜಕ ಇದ್ದರೂ ಕೈಗೆಟುಕುವುದಿಲ್ಲ. ಮೈಕೋರೈಜಾ ಶಿಲೀಂಧ್ರದ ಎಳೆಗಳು ಬೇರಿನೊಳಗಿಂದ ಹೊರಟು ಆ ಖಾಲಿ ಜಾಗ ದಾಟಿ ಹಲವು ಸೆಂಟಿಮೀಟರ್ ಆಚೆ ಹೋಗುತ್ತವೆ. ಬೇರಿನ ಕೂದಲಿಗಿಂತ ತೆಳ್ಳಗಿರುವುದರಿಂದ ಅದು ನುಗ್ಗಲಾಗದ ಸಂದಿಗೂ ನುಗ್ಗುತ್ತವೆ. ಅಲ್ಲಿಂದ ರಂಜಕ ತರುತ್ತವೆ. ಸತು, ತಾಮ್ರವನ್ನೂ ತರುತ್ತವೆ.

ಇದಕ್ಕೆ ಗಿಡ ಬೆಲೆ ಕೊಡುತ್ತದೆ. ಎಲೆಯಲ್ಲಿ ತಯಾರಾದ ಆಹಾರದಲ್ಲಿ ಸುಮಾರು 4ರಿಂದ 20 ಶೇಕಡಾದಷ್ಟು ಸಕ್ಕರೆ, ಕೊಬ್ಬಿನ ರೂಪದಲ್ಲಿ ಶಿಲೀಂಧ್ರಕ್ಕೆ ಹೋಗುತ್ತದೆ. ಈ ಶಿಲೀಂಧ್ರಕ್ಕೆ ಬೇರೆ ಗತಿ ಇಲ್ಲ. ಜೀವಂತ ಬೇರು ಸಿಗದಿದ್ದರೆ ಅದು ತನ್ನ ಬದುಕು ಪೂರ್ತಿ ಮಾಡುವುದೇ ಇಲ್ಲ. ಇದೊಂದು ಮಾತು ನೆನಪಿಟ್ಟುಕೊಂಡರೆ ಮುಂದೆ ಬರುವ ಅರ್ಧ ದೋಷಗಳು ತಾವೇ ಅರ್ಥವಾಗುತ್ತವೆ.

ಇದು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದಿಲ್ಲ. ಮಣ್ಣಿನಲ್ಲಿ ಇಲ್ಲದ ರಂಜಕವನ್ನು ಹುಟ್ಟಿಸುವುದೂ ಇಲ್ಲ. ಹಳದಿಯಾದ ಗಿಡಕ್ಕೆ ಮೈಕೋರೈಜಾ ಹಾಕಿ ಹಸಿರಾಗಲಿ ಅಂತ ಕಾದಿದ್ದರೆ, ದೋಷ ಆ ನಿರೀಕ್ಷೆಯಲ್ಲೇ ಇದೆ.

ಬೇರು ನೋಡುವುದು ಹೇಗೆ

ಈರುಳ್ಳಿ ಅಥವಾ ಮೆಕ್ಕೆಜೋಳ ಆಗಿದ್ದರೆ ಬರಿಗಣ್ಣಿಗೇ ಒಂದು ಸುಳಿವು ಸಿಗುತ್ತದೆ. ಗಿಡವನ್ನು ಕೀಳಬೇಡಿ. ಕಿತ್ತರೆ ಬೇಕಾದ ಸಣ್ಣ ಬೇರೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಸುತ್ತ ಅಗೆದು ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿಡಿ. ಮಣ್ಣು ತಾನೇ ಬಿಟ್ಟುಕೊಂಡ ಮೇಲೆ ಬೇರನ್ನು ಬಿಳಿ ತಟ್ಟೆಯ ಮೇಲೆ ಹರಡಿ. ಶಿಲೀಂಧ್ರ ಚೆನ್ನಾಗಿ ಹಿಡಿದ ಬೇರು ತಿಳಿ ಹಳದಿಯಾಗಿರುತ್ತದೆ, ಹಿಡಿಯದ ಬೇರು ಬೆಳ್ಳಗಿರುತ್ತದೆ. ತಡ ಮಾಡಬೇಡಿ, ಬೆಳಕು ಬಿದ್ದರೆ ಈ ಹಳದಿ ಮಾಸಿಹೋಗುತ್ತದೆ. ನಾನು ಮೊದಲ ಸಲ ಇದನ್ನು ನೋಡಿದ್ದು ಈರುಳ್ಳಿ ಸಸಿಯಲ್ಲಿ. ಒಂದೇ ಗಿಡದಲ್ಲಿ ಎರಡು ಬೇರು ಹಳದಿ, ಮೂರನೆಯದು ಅಚ್ಚ ಬಿಳಿ. ಪುಡಿ ಬಿದ್ದ ಕಡೆಯ ಬೇರು ಮಾತ್ರ ಹಿಡಿದಿತ್ತು.

ಇದು ಸುಳಿವು ಮಾತ್ರ. ಖಚಿತವಾಗಬೇಕಾದರೆ ಶಾಯಿ ಮತ್ತು ವಿನೆಗರ್ ಬೇಕು. 1998ರಲ್ಲಿ ಪ್ರಕಟವಾದ ವಿಧಾನ ಇದು. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ಟ್ರಿಪಾನ್ ಬ್ಲೂ ಬಣ್ಣದಷ್ಟು ಅಪಾಯದ್ದಲ್ಲ.

ದಪ್ಪ ಬೇರು ಬಿಟ್ಟು ದಾರದಂಥ ಎಳೆ ಬೇರುಗಳನ್ನು ಆರಿಸಿ, ಒಂದೊಂದು ಸೆಂಟಿಮೀಟರ್ ತುಂಡು ಮಾಡಿ. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿ. ಈರುಳ್ಳಿಗೆ ಮೂರ್ನಾಲ್ಕು ನಿಮಿಷ ಸಾಕು, ಗಟ್ಟಿ ಬೇರಿಗೆ ಇನ್ನೂ ಜಾಸ್ತಿ ಬೇಕು. ಬೇರು ಗಾಜಿನ ಹಾಗೆ ತಿಳಿಯಾಗಬೇಕು. ಈ ದ್ರಾವಣ ಚರ್ಮ, ಕಣ್ಣು ಸುಡುತ್ತದೆ. ಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಮಕ್ಕಳಿರುವ ಕಡೆ ಮಾಡಬೇಡಿ. ಆಮೇಲೆ ಬೇರನ್ನು ನಾಲ್ಕೈದು ಸಲ ನೀರಿನಲ್ಲಿ ತೊಳೆಯಿರಿ. 95 ಭಾಗ ಬಿಳಿ ವಿನೆಗರ್‌ಗೆ 5 ಭಾಗ ಪೆನ್ನಿನ ಶಾಯಿ ಬೆರೆಸಿ ಅದರಲ್ಲಿ ಮೂರು ನಿಮಿಷ ಕುದಿಸಿ. ಕೊನೆಗೆ ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ 20 ನಿಮಿಷ ಬಿಡಿ. ಬೇರಿನ ಬಣ್ಣ ಇಳಿಯುತ್ತದೆ, ಶಿಲೀಂಧ್ರದ ಬಣ್ಣ ಉಳಿಯುತ್ತದೆ. ಎಲ್ಲ ಶಾಯಿಯೂ ಹಿಡಿಯುವುದಿಲ್ಲ. ಏನೂ ಕಾಣದಿದ್ದರೆ ಶಿಲೀಂಧ್ರ ಇಲ್ಲ ಅನ್ನುವ ಮೊದಲು ಶಾಯಿ ಬದಲಿಸಿ ನೋಡಿ.

100 ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ಮೈಕ್ರೋಸ್ಕೋಪ್ ಸಾಕು. ಬೇರಿನ ಉದ್ದಕ್ಕೆ ಓಡುವ ಎಳೆಗಳು ಕಾಣುತ್ತವೆ. ಅಲ್ಲಲ್ಲಿ ದುಂಡಗೆ, ಮೊಟ್ಟೆಯಾಕಾರದಲ್ಲಿ ಚೀಲಗಳು. ಅವು ಶಿಲೀಂಧ್ರದ ಉಗ್ರಾಣ. ಇನ್ನೂ ದೊಡ್ಡದು ಮಾಡಿದರೆ ಒಂದೊಂದು ಜೀವಕೋಶದೊಳಗೂ ಪುಟ್ಟ ಮರ ಕವಲೊಡೆದ ಹಾಗೆ ಒಂದು ಆಕಾರ ಸಿಗುತ್ತದೆ. ಅದಕ್ಕೆ ಆರ್ಬಸ್ಕ್ಯೂಲ್ ಅನ್ನುತ್ತಾರೆ. ಕೊಡುಕೊಳ್ಳುವ ವ್ಯವಹಾರ ನಡೆಯುವುದು ಅಲ್ಲೇ. ಅದನ್ನು ಮೊದಲ ಸಲ ಕಂಡಾಗ ನನಗೆ ಮೈಕ್ರೋಸ್ಕೋಪ್‌ನಿಂದ ಕಣ್ಣು ತೆಗೆಯಲು ಆಗಲಿಲ್ಲ. ಒಂದು ಎಚ್ಚರಿಕೆ: ಬೇರಿನಲ್ಲಿ ಬೇರೆ ಶಿಲೀಂಧ್ರಗಳೂ ಇರುತ್ತವೆ. ಎಳೆಗೆ ಬಿದಿರಿನ ಗೆಣ್ಣಿನ ಹಾಗೆ ಅಡ್ಡಗೋಡೆಗಳು ಸಾಲಾಗಿದ್ದರೆ ಅದು ಬಹುತೇಕ ಮೈಕೋರೈಜಾ ಅಲ್ಲ.

ಹಾಕಿದ ಸಾಲಿನಿಂದ ಐದು ಗಿಡ, ಹಾಕದ ಸಾಲಿನಿಂದ ಐದು ಗಿಡ ತೆಗೆದುಕೊಳ್ಳಿ. ಒಂದೊಂದು ಗಿಡದ ಐದು ತುಂಡು ನೋಡಿದರೆ ಸಾಲಿಗೆ 25 ಆಗುತ್ತದೆ. 25ರಲ್ಲಿ ಎಷ್ಟರಲ್ಲಿ ಶಿಲೀಂಧ್ರ ಇದೆ ಅಂತ ಬರೆದಿಟ್ಟುಕೊಳ್ಳಿ. ಹಾಕಿ ಮೂರು ವಾರ ಆಗದೆ ಇದನ್ನು ಮಾಡಿದರೆ ಪ್ರಯೋಜನವಿಲ್ಲ. ಐದಾರು ವಾರ ಆಗಿದ್ದರೆ ಒಳ್ಳೆಯದು.

ಹಾಕದ ಸಾಲೇ ಇಲ್ಲ, ಹೊಲಕ್ಕೆಲ್ಲ ಹಾಕಿಬಿಟ್ಟಿದ್ದೇನೆ ಅನ್ನುತ್ತೀರಾ? ಹಾಗಾದರೆ ಈ ಹಂಗಾಮಿನಲ್ಲಿ ಕೆಲಸ ಮಾಡಿತೋ ಇಲ್ಲವೋ ಅಂತ ಯಾರೂ ಹೇಳಲಾರರು. ಬೇರಿನಲ್ಲಿ ಶಿಲೀಂಧ್ರ ಇದೆಯೇ ಅನ್ನುವುದಷ್ಟೇ ತಿಳಿಯುತ್ತದೆ.

ಎರಡೂ ಸಾಲಿನ ಬೇರಿನಲ್ಲಿ ಶಿಲೀಂಧ್ರ ಇದೆ

ಇದು ದೋಷವೇ ಅಲ್ಲ. ನಿಮ್ಮ ಮಣ್ಣಿನಲ್ಲಿ ಮೊದಲೇ ಇದ್ದ ಶಿಲೀಂಧ್ರ ಬೇರು ಹಿಡಿದಿದೆ. ಹೊರಗಿನಿಂದ ತಂದದ್ದಕ್ಕೆ ಜಾಗ ಇಲ್ಲ. ಖರ್ಚು ನಿಲ್ಲಿಸಿ, ಇರುವುದನ್ನು ಕಾಪಾಡಿಕೊಳ್ಳಿ. ಬಹಳ ವರ್ಷದಿಂದ ಉಳುಮೆ ಕಡಿಮೆ ಇರುವ, ಸದಾ ಏನಾದರೂ ಬೆಳೆ ನಿಂತಿರುವ ಹೊಲದಲ್ಲಿ ಇದೇ ಫಲಿತಾಂಶ ಬರುವ ಸಂಭವ ಜಾಸ್ತಿ.

ಹಾಕಿದ ಸಾಲಿನಲ್ಲಿ ಮಾತ್ರ ಇದೆ, ಆದರೆ ಬೆಳವಣಿಗೆ ಒಂದೇ ಥರ

ಪುಡಿ ಜೀವಂತವಾಗಿದೆ, ಬೇರು ಹಿಡಿದಿದೆ. ಅಲ್ಲಿಯವರೆಗೆ ಎಲ್ಲ ಸರಿ. ಗಿಡಕ್ಕೆ ಕೊರತೆ ಇರುವುದು ರಂಜಕದ್ದಲ್ಲ. ಸಾರಜನಕ, ನೀರು, ಬಿಸಿಲು, ಬೇರಿಗೆ ಗಾಳಿ, ಇವುಗಳಲ್ಲಿ ಯಾವುದು ಕಡಿಮೆ ಅಂತ ಹುಡುಕಬೇಕು. ರಂಜಕ ತಂದುಕೊಟ್ಟರೆ ಸಾರಜನಕದ ಹಸಿವು ತೀರುವುದಿಲ್ಲವಲ್ಲ.

ಗಿಡ ಎಳೆಯದಾಗಿದ್ದು, ಹಾಕಿದ ಸಾಲು ಸ್ವಲ್ಪ ಗಿಡ್ಡ ಕಾಣುತ್ತಿದ್ದರೆ ಗಾಬರಿ ಬೇಡ. ಸಸಿಗೆ ಎಲೆ ಕಡಿಮೆ, ತಯಾರಾಗುವ ಆಹಾರವೂ ಕಡಿಮೆ. ಅದರಲ್ಲೇ ಶಿಲೀಂಧ್ರಕ್ಕೆ ಪಾಲು ಹೋಗುತ್ತಿರುತ್ತದೆ. ಎಲೆ ಹೆಚ್ಚಿದಂತೆ ಹೆಚ್ಚಾಗಿ ಇದು ಸರಿಹೋಗುತ್ತದೆ. ನೆರಳಿನಲ್ಲಿ ಬೆಳೆದ ಸಸಿಯಲ್ಲಿ ಇನ್ನೂ ಎದ್ದು ಕಾಣುತ್ತದೆ, ಅಂಥವನ್ನು ಬೆಳಕಿಗೆ ತನ್ನಿ.

ಎರಡರಲ್ಲೂ ಇಲ್ಲ

ನಿಜವಾದ ತನಿಖೆ ಇಲ್ಲಿಂದ ಶುರು. ನಾನು ಯಾವ ಕ್ರಮದಲ್ಲಿ ಅನುಮಾನಪಡುತ್ತೇನೋ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಬೆಳೆ ಯಾವುದು ಅಂತ ಕೇಳಿಕೊಳ್ಳಿ. ಎಲೆಕೋಸು, ಹೂಕೋಸು, ಸಾಸಿವೆ, ಮೂಲಂಗಿ ಈ ಶಿಲೀಂಧ್ರವನ್ನು ಸೇರಿಸುವುದೇ ಇಲ್ಲ. ಬೀಟ್‌ರೂಟ್, ಪಾಲಕ್, ದಂಟು ಕೂಡ ಹಾಗೇ. ಇವಕ್ಕೆ ಎಷ್ಟು ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪೈನ್ ಮರಕ್ಕೆ ಬೇಕಾದ ಶಿಲೀಂಧ್ರದ ಗುಂಪೇ ಬೇರೆ, ಬ್ಲೂಬೆರಿಗೆ ಬೇಕಾದದ್ದು ಇನ್ನೂ ಬೇರೆ. ಪ್ಯಾಕೆಟ್ ಮೇಲೆ ರೈಜೋಫಾಗಸ್, ಗ್ಲೋಮಸ್, ಫನ್ನೆಲಿಫಾರ್ಮಿಸ್ ಅಂತ ಶಿಲೀಂಧ್ರದ ಹೆಸರು ಇದ್ದರೆ ಅದು ಈರುಳ್ಳಿ, ಮೆಣಸಿನಕಾಯಿ, ಟೊಮೆಟೊ, ಜೋಳ, ದ್ವಿದಳ ಧಾನ್ಯ, ನಿಂಬೆ ಜಾತಿ, ಮರಗೆಣಸು ಇಂಥವಕ್ಕೆ ಹೊಂದುವಂಥದ್ದು. ಇವುಗಳಲ್ಲಿ ಈರುಳ್ಳಿ, ಮರಗೆಣಸು, ನಿಂಬೆ ಜಾತಿಗೆ ಇದರ ಮೇಲಿನ ಅವಲಂಬನೆ ಬಹಳ. ಅವುಗಳ ಬೇರಿನಲ್ಲಿ ಕೂದಲು ಕಡಿಮೆ, ಅದಕ್ಕೆ.

ಎರಡನೆಯದು ರಂಜಕ. ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ಸಿಕ್ಕ ದೋಷ ಇದೇ. ರಂಜಕ ಸಾಲದಾದಾಗ ಬೇರು ಸ್ಟ್ರಿಗೋಲ್ಯಾಕ್ಟೋನ್ ಅನ್ನುವ ವಸ್ತುವನ್ನು ಮಣ್ಣಿಗೆ ಬಿಡುತ್ತದೆ. ಅದು ತಾಗಿದರೆ ಶಿಲೀಂಧ್ರದ ಎಳೆ ಕವಲೊಡೆದು ಬೇರಿನ ಸುತ್ತ ಹರಡುತ್ತದೆ. 2005ರಲ್ಲಿ ಜಪಾನಿನ ಸಂಶೋಧಕರು ಇದನ್ನು ಕಂಡುಹಿಡಿದರು. ಗಿಡಕ್ಕೆ ರಂಜಕ ಸಾಕಷ್ಟು ಸಿಕ್ಕರೆ ಈ ಕರೆ ನಿಲ್ಲುತ್ತದೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅಂತಾರಲ್ಲ, ಹಾಗೆ. ಬಿತ್ತುವಾಗ ಕೈತುಂಬಾ ಡಿಎಪಿಯಂಥ ರಂಜಕದ ಗೊಬ್ಬರ ಕೊಟ್ಟು, ಅದರ ಜೊತೆಗೇ ಮೈಕೋರೈಜಾ ಹಾಕಿದರೆ ಒಂದು ಕೈಯಲ್ಲಿ ಕರೆದು ಇನ್ನೊಂದು ಕೈಯಲ್ಲಿ ಅಟ್ಟಿದಂತೆ. ಡಿಎಪಿ, ಸೂಪರ್ ಫಾಸ್ಫೇಟ್ ಅಷ್ಟೇ ಅಲ್ಲ. ವರ್ಷಾನುಗಟ್ಟಲೆ ಕೋಳಿ ಗೊಬ್ಬರ ಹಾಕಿದ ಮಣ್ಣಿನಲ್ಲೂ ರಂಜಕ ತುಂಬಿರುತ್ತದೆ. ಸಾವಯವ ಅಂದ ಮಾತ್ರಕ್ಕೆ ಲೆಕ್ಕಕ್ಕೆ ಬಿಡಬಾರದು.

ಇದಕ್ಕೆ ಮಣ್ಣು ಪರೀಕ್ಷೆಯೇ ದಾರಿ. ವರದಿಯಲ್ಲಿ ರಂಜಕ ‘ಹೆಚ್ಚು’ ಅಂತ ಇದ್ದರೆ ಮೈಕೋರೈಜಾ ಕೊಳ್ಳಬೇಡಿ. ಕೆಲವು ಸಾಲುಗಳಲ್ಲಿ ಮಾತ್ರ ರಂಜಕದ ಗೊಬ್ಬರ ನಿಲ್ಲಿಸಿ ಇಳುವರಿ ಹೋಲಿಸಿ. ಹೊಲಕ್ಕೆಲ್ಲ ಒಮ್ಮೆಲೇ ನಿಲ್ಲಿಸುವುದು ಬೇಡ. ಗಿಡದಲ್ಲೂ ಒಂದು ಗುರುತು ಸಿಗಬಹುದು. ಮೆಕ್ಕೆಜೋಳದ ಎಲೆಯ ಬುಡದ ಕಡೆ, ನಡುನರದ ಎರಡೂ ಪಕ್ಕ ಬಿಳಿಚಿದ ಪಟ್ಟೆ ಇದ್ದರೆ ಅದು ಸತುವಿನ ಕೊರತೆ. ರಂಜಕ ಜಾಸ್ತಿಯಾಗಿ, ಶಿಲೀಂಧ್ರ ಬೇರು ಬಿಟ್ಟುಹೋಗಿ, ಅದು ತರುತ್ತಿದ್ದ ಸತು ನಿಂತಾಗಲೂ ಹೀಗಾಗುತ್ತದೆ.

ಮೂರನೆಯದು, ಪುಡಿ ಬೇರಿಗೆ ತಾಗಿದೆಯೇ? ಪುಡಿಯಲ್ಲಿರುವ ಬೀಜಕಣ, ಅಂದರೆ ಶಿಲೀಂಧ್ರ ಮೊಳೆಯುವ ಸಣ್ಣ ಕಣ, ನಡೆದುಕೊಂಡು ಬರುವುದಿಲ್ಲ. ಮೇಲ್ಮಣ್ಣಿಗೆ ಎರಚಿದ್ದು ಅಲ್ಲೇ ಒಣಗುತ್ತದೆ. ಬೀಜದ ಕೆಳಗೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಬಿದ್ದರೆ ಇಳಿಯುವ ಬೇರು ಅದನ್ನು ಹಾದೇ ಹೋಗಬೇಕು. ನಾಟಿ ಮಾಡುವುದಾದರೆ ಗುಂಡಿಯ ತಳದಲ್ಲಿ, ಬೇರಿನ ಹೆಂಟೆಗೆ ಅಂಟುವ ಹಾಗೆ ಹಾಕಿ. ಎಲ್ಲಕ್ಕಿಂತ ಮೇಲು ಸಸಿಮಡಿ ಅಥವಾ ಟ್ರೇಯಲ್ಲೇ ಬೆರೆಸುವುದು. ಬೇಕಾಗುವ ಪುಡಿ ಕಡಿಮೆ, ಸಸಿ ಹೊಲಕ್ಕೆ ಬರುವಾಗಲೇ ಬೇರು ಹಿಡಿದಿರುತ್ತದೆ. ಡ್ರಿಪ್‌ನಲ್ಲಿ ಬಿಡುವವರು ಫಿಲ್ಟರ್ ನೋಡಿಕೊಳ್ಳಿ. 120 ಮೆಶ್ ಫಿಲ್ಟರ್‌ನ ಕಣ್ಣು ಸುಮಾರು 130 ಮೈಕ್ರಾನ್. ಕೆಲವು ಜಾತಿಯ ಬೀಜಕಣ ಅದಕ್ಕಿಂತ ದೊಡ್ಡದು. ಅವು ಫಿಲ್ಟರ್‌ನಲ್ಲೇ ಉಳಿದು, ತೊಳೆದಾಗ ಚರಂಡಿ ಸೇರುತ್ತವೆ.

ನಾಲ್ಕನೆಯದು ಔಷಧಿ. ಬೀಜೋಪಚಾರಕ್ಕೆ, ಬೇರಿಗೆ ಸುರಿಯಲು ಬಳಸುವ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಈ ಶಿಲೀಂಧ್ರವನ್ನೂ ಕೆಡಿಸುತ್ತದೆ. ಅದೇ ಬಳಗದ ಬೆನೊಮಿಲ್ ಅನ್ನು ಸಂಶೋಧಕರು ಪ್ರಯೋಗದಲ್ಲಿ ಮೈಕೋರೈಜಾ ಅಡಗಿಸಲೆಂದೇ ಬಳಸಿದ್ದಾರೆ. ಮೆಟಲಾಕ್ಸಿಲ್ ಅಷ್ಟು ತೊಂದರೆ ಮಾಡುವುದಿಲ್ಲ, ಅದು ಹೊಡೆಯುವ ಜೀವಿಗಳ ಗುಂಪೇ ಬೇರೆ. ಬೇರಿಗೆ ಔಷಧಿ ಸುರಿಯಲೇಬೇಕಾದ ರೋಗ ಇದ್ದರೆ ಮೊದಲು ರೋಗ ನೋಡಿಕೊಳ್ಳಿ, ಮೈಕೋರೈಜಾ ಮುಂದಿನ ಬೆಳೆಗಿರಲಿ.

ನೀರು ನಿಂತ ಮಣ್ಣು, 15 ಡಿಗ್ರಿಗಿಂತ ತಣ್ಣಗಿರುವ ಮಣ್ಣು, ಇವೆರಡರಲ್ಲೂ ಶಿಲೀಂಧ್ರ ಬಹಳ ನಿಧಾನ. ನೀರು ಬಸಿಯಲು ದಾರಿ ಮಾಡಿ, ಮಣ್ಣು ಬೆಚ್ಚಗಾಗುವವರೆಗೆ ಕಾಯಿರಿ. ಇದಕ್ಕಿಂತ ಹೇಳುವುದೇನಿಲ್ಲ.

ಪುಡಿಯೇ ಸತ್ತಿದೆಯೇ? ಕುಂಡದಲ್ಲಿ ಪರೀಕ್ಷೆ

ಮೇಲಿನ ಯಾವುದೂ ಅಲ್ಲ ಅಂತಾದರೆ ಪ್ಯಾಕೆಟ್ ಮೇಲೆ ಅನುಮಾನಪಡಬಹುದು. ಈ ಶಿಲೀಂಧ್ರವನ್ನು ಹಿಟ್ಟು, ಬೆಲ್ಲದ ನೀರಿನಲ್ಲಿ ಬೆಳೆಸಲು ಬರುವುದಿಲ್ಲ. ಜೋಳದಂಥ ಗಿಡದ ಬೇರಿನಲ್ಲೋ, ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾರೆಟ್ ಬೇರಿನಲ್ಲೋ ಬೆಳೆಸಬೇಕು. ಹಾಗಾಗಿ ತಯಾರಿ ಕಷ್ಟ, ಕೆಡುವುದು ಸುಲಭ. ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಅರ್ಧ ದಿನ ಬಿಟ್ಟ ಪ್ಯಾಕೆಟ್ ಅನ್ನು ನಾನು ನಂಬುವುದಿಲ್ಲ. ಇನ್ನೊಂದು ವಿಷಯ, ಚೀಟಿಯ ಮೇಲಿನ ಬೀಜಕಣಗಳ ಸಂಖ್ಯೆ ನೋಡಿ ಮೋಸಹೋಗಬೇಡಿ. ಎಣಿಸುವಾಗ ಸತ್ತ ಬೀಜಕಣವೂ ಲೆಕ್ಕಕ್ಕೆ ಸೇರಬಹುದು.

ಪರೀಕ್ಷೆ ಹೀಗೆ. ರಂಜಕ ಕಡಿಮೆ ಇರುವ ಮಣ್ಣಿಗೆ ಅಷ್ಟೇ ಮರಳು ಬೆರೆಸಿ. ಹಬೆಯಲ್ಲಿ ಒಂದು ಗಂಟೆ ಬೇಯಿಸಿ, ಮರುದಿನ ಇನ್ನೊಮ್ಮೆ ಬೇಯಿಸಿ. ಮೊದಲೇ ಇದ್ದ ಶಿಲೀಂಧ್ರ ಸಾಯಲಿ ಅಂತ ಇದು. ಹದಿನೈದು ಕುಂಡ ತುಂಬಿಸಿ. ಐದಕ್ಕೆ ಪುಡಿ ಹಾಕಿ. ಇನ್ನೈದಕ್ಕೆ ಅದೇ ಪುಡಿಯನ್ನು ಪ್ರೆಷರ್ ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಆರಿಸಿ, ಅಷ್ಟೇ ಅಳತೆಯಲ್ಲಿ ಹಾಕಿ. ಉಳಿದ ಐದಕ್ಕೆ ಏನೂ ಬೇಡ. ಎಲ್ಲದರಲ್ಲೂ ಮೆಕ್ಕೆಜೋಳ ಅಥವಾ ಈರುಳ್ಳಿ ಬಿತ್ತಿ. ಕುಂಡಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡಿ, ಒಂದರ ನೀರು ಇನ್ನೊಂದಕ್ಕೆ ಸಿಡಿಯಬಾರದು. ಆರು ವಾರದ ಮೇಲೆ ಬೇರಿಗೆ ಶಾಯಿ ಹಾಕಿ.

ಬೇಯಿಸಿದ ಪುಡಿಯ ಕುಂಡ ಯಾಕೆ ಅಂತ ಕೇಳಬಹುದು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವ ಅದೇ. ಒಮ್ಮೆ ಒಂದು ಪುಡಿ ಹಾಕಿದ ಮೆಕ್ಕೆಜೋಳ ಹತ್ತೇ ದಿನಕ್ಕೆ ಕಡುಹಸಿರಾಯಿತು. ನನಗೆ ಬಹಳ ಖುಷಿಯಾಗಿತ್ತು. ಆಮೇಲೆ ನೋಡಿದರೆ ಬೇಯಿಸಿದ ಪುಡಿ ಹಾಕಿದ ಕುಂಡಗಳೂ ಅಷ್ಟೇ ಹಸಿರು. ಎರಡರ ಬೇರಿನಲ್ಲೂ ಒಂದು ಎಳೆ ಶಿಲೀಂಧ್ರ ಇರಲಿಲ್ಲ. ಪುಡಿಯಲ್ಲಿ ಬೆರೆಸಿದ್ದ ಪೋಷಕಾಂಶ ಆ ಬಣ್ಣ ಕೊಟ್ಟಿತ್ತು. ಹತ್ತು ದಿನದಲ್ಲಿ ಮೈಕೋರೈಜಾ ಅಷ್ಟು ಬದಲಾವಣೆ ತರಲಾರದು ಅಂತ ಆಗಲೇ ನನಗೆ ಹೊಳೆಯಬೇಕಿತ್ತು. ಪುಡಿ ಹಾಕಿದ ಕುಂಡದ ಬೇರಿನಲ್ಲಿ ಮಾತ್ರ ಶಿಲೀಂಧ್ರ ಇದ್ದರೆ ಪ್ಯಾಕೆಟ್ ಸರಿ ಇದೆ, ದೋಷ ಹೊಲದಲ್ಲಿದೆ. ಏನೂ ಹಾಕದ ಕುಂಡದ ಬೇರಿನಲ್ಲೂ ಇದ್ದರೆ ಮಣ್ಣು ಸರಿಯಾಗಿ ಬೆಂದಿಲ್ಲ, ಪರೀಕ್ಷೆ ಮತ್ತೆ ಮಾಡಬೇಕು.

ಹೊಲದ ಹಿಂದಿನ ಕಥೆ

ಕೆಲವೊಮ್ಮೆ ದೋಷ ಈ ಹಂಗಾಮಿನದಲ್ಲ. ಆಸ್ಟ್ರೇಲಿಯಾದ ಈಶಾನ್ಯ ಭಾಗದಲ್ಲಿ ಹೊಲವನ್ನು ವರ್ಷಕ್ಕಿಂತ ಹೆಚ್ಚು ಕಾಲ ಬೀಳು ಬಿಟ್ಟು ಬಿತ್ತಿದಾಗ ಬೆಳೆ ಸೊರಗುತ್ತಿತ್ತು. ತೇವ ಇತ್ತು, ಸಾರಜನಕ ಇತ್ತು, ಆದರೂ ಗಿಡಕ್ಕೆ ರಂಜಕ, ಸತುವಿನ ಕೊರತೆ. ಬೇರು ನೋಡಿದಾಗ ಕಾರಣ ಸಿಕ್ಕಿತು. ಅಷ್ಟು ಕಾಲ ಜೀವಂತ ಬೇರು ಇಲ್ಲದೆ ಶಿಲೀಂಧ್ರ ಕ್ಷೀಣಿಸಿತ್ತು. 1987ರಲ್ಲಿ ಇದು ಪ್ರಕಟವಾಯಿತು.

ಹಿಂದಿನ ಬೆಳೆ ಸಾಸಿವೆ ಅಥವಾ ಕೋಸು ಆಗಿದ್ದರೂ ಸ್ವಲ್ಪಮಟ್ಟಿಗೆ ಇದೇ ಆಗುತ್ತದೆ. ಶಿಲೀಂಧ್ರದ ಪಾಲಿಗೆ ಆ ಹಂಗಾಮು ಬೀಳು ಇದ್ದ ಹಾಗೆ. ಪದೇ ಪದೇ ಆಳವಾಗಿ ಉತ್ತರೆ ಎಳೆಗಳ ಜಾಲ ಹರಿಯುತ್ತದೆ. ಪ್ಲಾಸ್ಟಿಕ್ ಹೊದಿಸಿ ಬಿಸಿಲಿನಲ್ಲಿ ಕಾಯಿಸಿದ ಮಣ್ಣು, ರಾಸಾಯನಿಕ ಹೊಗೆ ಕೊಟ್ಟ ಮಣ್ಣು, ಮೇಲ್ಮಣ್ಣು ಕೆರೆದು ತೆಗೆದ ಜಾಗ, ಬರಿ ಕೋಕೋಪೀಟ್ ತುಂಬಿದ ಟ್ರೇ, ಇಲ್ಲೆಲ್ಲ ಶಿಲೀಂಧ್ರ ಕಡಿಮೆ ಅಥವಾ ಇಲ್ಲವೇ ಇಲ್ಲ. ಕೊಂಡು ಹಾಕಿದ್ದು ನಿಜವಾಗಿ ಫಲ ಕೊಡುವ ಜಾಗಗಳು ಇವೇ. ಉಳಿದ ಕಡೆ ಸೂರ್ಯಕಾಂತಿ, ಜೋಳ, ಅಲಸಂದೆಯಂಥ ಬೆಳೆಯನ್ನು ನಡುವೆ ಒಮ್ಮೆ ಬೆಳೆದು, ಉಳುಮೆ ಕಡಿಮೆ ಮಾಡಿದರೆ ಇದ್ದದ್ದೇ ಹೆಚ್ಚುತ್ತದೆ.

ಈಗ ಹೊಲದಲ್ಲಿ ನಿಂತಿರುವ ಬೆಳೆಗೆ

ಅರ್ಧ ಬೆಳೆದ ಮೆಕ್ಕೆಜೋಳಕ್ಕೋ ಈರುಳ್ಳಿಗೋ ಈಗ ಹಾಕಿ ಲಾಭವಿಲ್ಲ. ಬೇರು ಹಿಡಿದು ಕೆಲಸ ಶುರುಮಾಡುವಷ್ಟರಲ್ಲಿ ಕಟಾವು ಬಂದಿರುತ್ತದೆ. ಆ ಬೆಳೆಗೆ ಕೊರತೆ ಇರುವ ಪೋಷಕಾಂಶವನ್ನು ನೇರವಾಗಿ ಕೊಡಿ. ನಿಂಬೆ, ದಾಳಿಂಬೆಯಂಥ ಗಿಡವಾದರೆ ಮಾತು ಬೇರೆ. ಎಲೆಗಳ ನೆರಳು ಬೀಳುವ ಅಂಚಿನಲ್ಲಿ ನಾಲ್ಕೈದು ಕಡೆ ಎಳೆ ಬೇರು ಸಿಗುವವರೆಗೆ ಕೆದಕಿ, ಅಲ್ಲಿ ಪುಡಿ ಹಾಕಿ, ಮಣ್ಣು ಮುಚ್ಚಿ, ತೇವ ಆರದಂತೆ ನೋಡಿಕೊಳ್ಳಿ.

ಮುಂದಿನ ಸಸಿಮಡಿ ಮಾಡುವಾಗ ಒಂದು ಟ್ರೇಗೆ ಏನೂ ಹಾಕಬೇಡಿ. ಆ ಸಸಿಗಳನ್ನು ಹೊಲದ ನಡುವಿನ ಒಂದು ಸಾಲಿನಲ್ಲಿ ನೆಟ್ಟು, ಎರಡೂ ತುದಿಗೆ ಗೂಟ ಹೊಡೆದು, ದಿನಾಂಕ ಬರೆದಿಡಿ. ಆರನೆಯ ವಾರ ಶಾಯಿ, ವಿನೆಗರ್ ತೆಗೆದುಕೊಂಡು ಕೂರುವಾಗ ಆ ಸಾಲು ಬೇಕೇ ಬೇಕು.